ಓಪಿಡಿಗೆ ಬಾರದವರ ಡಾಕ್ಟರು: ಸಾರ್ವಜನಿಕ ಆರೋಗ್ಯದಲ್ಲಿ ಮುಂದಾಳಾಗಲು ಹೊರಟವರಿಗೆ ಸಮಗ್ರ ಮಾರ್ಗದರ್ಶಿ

ಎಂಬಿಬಿಎಸ್ ಮುಗಿದ ವರ್ಷ. ಒಂದು ಮದುವೆ ಊಟದ ಪಂಕ್ತಿಯಲ್ಲಿ ನಮ್ಮ ದೊಡ್ಡಪ್ಪ ಕೇಳಿದರು, ‘ಮುಂದೆ ಏನು ಓದ್ತೀಯಮ್ಮಾ?’ ‘ಕಮ್ಯುನಿಟಿ ಮೆಡಿಸಿನ್, ದೊಡ್ಡಪ್ಪ’ ಅಂದೆ. ಅವರು ಅನ್ನಕ್ಕೆ ಸಾರು ಕಲಸುತ್ತಾ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ‘ಅದು ಮೈಯಲ್ಲಿ ಯಾವ ಭಾಗದ್ದು?’ ಅಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನನಗೂ ಉತ್ತರ ಗೊತ್ತಿರಲಿಲ್ಲ.

ಈಗ ಕೇಳಿದ್ದರೆ ಹೇಳುತ್ತಿದ್ದೆ. ಹೃದಯದ ಡಾಕ್ಟರಿಗೆ ಹೃದಯ ಇದ್ದ ಹಾಗೆ ನಮಗೆ ಒಂದು ಊರು, ಒಂದು ತಾಲ್ಲೂಕು. ಅದರಲ್ಲಿ ನಮ್ಮ ಬಾಗಿಲಿಗೆ ಬಂದವರಿಗಿಂತ ಬಾರದವರೇ ಜಾಸ್ತಿ. ಆ ಬಾರದವರನ್ನು ಹುಡುಕುವುದೇ ಕೆಲಸ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ (ಪಿಎಚ್‌ಸಿ) ಶುರುಮಾಡಿ ತಾಲ್ಲೂಕು, ಜಿಲ್ಲೆ ಅಂತ ಸುತ್ತಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಎಂಬಿಬಿಎಸ್ ಓದುತ್ತಿರುವವರಿಗೆ, ಈಗಷ್ಟೇ ಪಿಎಚ್‌ಸಿ ಸೇರಿದವರಿಗೆ ಉಪಯೋಗವಾದೀತು.

ಮೊದಲು ಈ ಕೆಲಸ ಏನು ಅಂತ ತಿಳಿದುಕೊಳ್ಳಿ

ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. 1959ರಲ್ಲಿ ಶುರುವಾದದ್ದು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಊರುಗಳಿಗೆ ಹೋಗಿ ಒಂದು ಸಮೀಕ್ಷೆ ಮಾಡಿದರು. ಅದು ಪ್ರಕಟವಾದದ್ದು 1963ರಲ್ಲಿ. ಆಗ ಎಲ್ಲರೂ ಅಂದುಕೊಂಡಿದ್ದು, ಹಳ್ಳಿ ಜನಕ್ಕೆ ಟಿಬಿ ಬಗ್ಗೆ ತಿಳಿವಳಿಕೆ ಇಲ್ಲ, ಅದಕ್ಕೇ ಆಸ್ಪತ್ರೆಗೆ ಬರುವುದಿಲ್ಲ ಅಂತ. ಸಮೀಕ್ಷೆಯಲ್ಲಿ ಕಂಡದ್ದು ಬೇರೆ. ಟಿಬಿ ಲಕ್ಷಣ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಚಿಕಿತ್ಸೆ ಕೇಳಿಕೊಂಡು ಹೋಗಿದ್ದರು. ಅವರನ್ನು ಕೆಮ್ಮಿನ ಔಷಧಿ ಕೊಟ್ಟು ವಾಪಸ್ ಕಳಿಸಲಾಗಿತ್ತು! ತಪ್ಪು ಜನರದ್ದಾಗಿರಲಿಲ್ಲ, ಟೇಬಲ್ಲಿನ ಈ ಕಡೆ ಕೂತಿದ್ದ ನಮ್ಮದು.

ಅದೇ ಕಾಲದಲ್ಲಿ ಭಾರತದ ಟಿಬಿ ಕಾರ್ಯಕ್ರಮಕ್ಕಾಗಿ ಇಲ್ಲಿ ಕೆಲಸ ಮಾಡಿದ ಡೆನ್ಮಾರ್ಕಿನ ವೈದ್ಯ ಹಾಫ್‌ಡನ್ ಮಾಲರ್ ಮುಂದೆ 1973ರಿಂದ 1988ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿದ್ದರು. ಪ್ರಾಥಮಿಕ ಆರೋಗ್ಯ ಸೇವೆಯೇ ಎಲ್ಲಕ್ಕೂ ಬುನಾದಿ ಅಂತ ಜಗತ್ತು ಒಪ್ಪಿದ 1978ರ ಅಲ್ಮಾ ಅಟಾ ಸಮ್ಮೇಳನ ನಡೆದದ್ದು ಅವರ ಕಾಲದಲ್ಲೇ.

ಹಾಗಾಗಿ ನಿಮ್ಮನ್ನು ನೀವು ಕೇಳಿಕೊಳ್ಳಿ. ಒಬ್ಬ ರೋಗಿ ಗುಣವಾಗಿ ಕೈಮುಗಿದು ಹೋಗುವುದು ನಿಮಗೆ ಬೇಕೇಬೇಕಾ? ಹಾಗಿದ್ದರೆ ಸರ್ಜರಿ ಮಾಡಿ, ಮೆಡಿಸಿನ್ ಮಾಡಿ. ಅದರಲ್ಲಿ ನಾಚಿಕೆ ಏನಿಲ್ಲ. ನಮ್ಮ ಕೆಲಸದಲ್ಲಿ ಯಾರೂ ಕೈಮುಗಿಯುವುದಿಲ್ಲ. ಬಾರದೇ ಹೋದ ಕಾಲರಾಗೆ ಯಾರು ಥ್ಯಾಂಕ್ಸ್ ಹೇಳುತ್ತಾರೆ?

ಹಂತ 1: ಕಾಲೇಜಿನಲ್ಲಿದ್ದಾಗಲೇ ಮಾಡಬೇಕಾದದ್ದು

ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಕಮ್ಯುನಿಟಿ ಮೆಡಿಸಿನ್ ಪೋಸ್ಟಿಂಗ್ ಅಂದರೆ ಎಲ್ಲರಿಗೂ ಪಿಜಿ ಎಂಟ್ರೆನ್ಸಿಗೆ ಓದಲು ಸಿಗುವ ರಜೆ. ನೀವು ಮಾತ್ರ ಹೋಗಿ. ಈಗ ಕುಟುಂಬ ದತ್ತು ಕಾರ್ಯಕ್ರಮ ಅಂತ ಇದೆ, ವಿದ್ಯಾರ್ಥಿಗಳಿಗೆ ಕೆಲವು ಮನೆಗಳನ್ನು ವಹಿಸುತ್ತಾರೆ. ಸುಮ್ನೆ ಫೋಟೋ ತೆಗೆದು ಲಾಗ್‌ಬುಕ್ ತುಂಬಿಸುವುದಕ್ಕೆ ಆ ಮನೆಗಳಿಗೆ ಹೋಗಬೇಡಿ. ಅಜ್ಜಿ ಬಿಪಿ ಮಾತ್ರೆ ಯಾಕೆ ನಿಲ್ಲಿಸಿದರು ಅಂತ ಕೇಳಿ. ಬಸ್ಸಿಲ್ಲ ಅಂತಲೋ, ಹೋದ ದಿನ ಮಾತ್ರೆ ಇರಲಿಲ್ಲ ಅಂತಲೋ, ಸೊಸೆ ಕೂಲಿಗೆ ಹೋದರೆ ಕರೆದುಕೊಂಡು ಹೋಗುವವರಿಲ್ಲ ಅಂತಲೋ ಉತ್ತರ ಬರುತ್ತದೆ. ಮೂರೂ ಕಾರಣಕ್ಕೆ ಮೂರು ಬೇರೆ ಬೇರೆ ಔಷಧಿ, ಅಲ್ವಾ?

ಇನ್ನೆರಡು ಕೆಲಸ ಇವೆ. ಎಕ್ಸೆಲ್ ಚೆನ್ನಾಗಿ ಕಲಿಯಿರಿ. ಜನರ ಮಾತು ಕಲಿಯಿರಿ. ಬೆಂಗಳೂರಿನಲ್ಲಿ ಬೆಳೆದ ಎಷ್ಟೋ ಹುಡುಗರಿಗೆ ‘ಮೈ ಬಿಸಿ’, ‘ಸುಸ್ತು’, ‘ಸಂಕಟ’ ಇವುಗಳ ವ್ಯತ್ಯಾಸ ಗೊತ್ತಿರುವುದಿಲ್ಲ. ಕರಾವಳಿಗೆ ಹೋದರೆ ತುಳು, ತಾಂಡಾಕ್ಕೆ ಹೋದರೆ ಲಂಬಾಣಿ. ನಾಲ್ಕು ವಾಕ್ಯ ಬಂದರೂ ಬಾಗಿಲು ತೆರೆಯುತ್ತದೆ.

ಹಂತ 2: ಪಿಎಚ್‌ಸಿಯಲ್ಲಿ ಕನಿಷ್ಠ ಎರಡು ವರ್ಷ

ಇದನ್ನು ತಪ್ಪಿಸಿಕೊಂಡು ಮೇಲೆ ಹೋದವರನ್ನು ನೋಡಿದ್ದೇನೆ. ಅವರು ಹೊರಡಿಸುವ ಸುತ್ತೋಲೆ ಓದಿದರೆ ಸಾಕು, ಗೊತ್ತಾಗುತ್ತದೆ. ಕಡ್ಡಾಯ ಗ್ರಾಮೀಣ ಸೇವೆಯ ನಿಯಮ ಬದಲಾಗುತ್ತಾ ಬಂದಿದೆ. ನಿಮ್ಮ ಬ್ಯಾಚಿಗೆ ಏನು ಅನ್ವಯ ಅಂತ ನೋಡಿಕೊಳ್ಳಿ. ಕಡ್ಡಾಯ ಇರಲಿ ಬಿಡಲಿ, ಗುತ್ತಿಗೆ ಮೇಲಾದರೂ ಸರಿ, ಹೋಗಿ.

ಲೆಕ್ಕದ ಪ್ರಕಾರ ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು ಪಿಎಚ್‌ಸಿ, ಗುಡ್ಡಗಾಡಿನಲ್ಲಿ 20,000ಕ್ಕೆ ಒಂದು. ಅದರ ಕೆಳಗೆ 5,000 ಅಥವಾ 3,000 ಜನಕ್ಕೆ ಒಂದು ಸಬ್‌ಸೆಂಟರ್. ಈಗ ದಿನಕ್ಕೆ 80 ಜನ ಓಪಿಡಿಗೆ ಬರುತ್ತಾರೆ ಅಂದುಕೊಳ್ಳಿ. ಸಂಜೆ ಹೊತ್ತಿಗೆ ಬೆನ್ನು ಬಿದ್ದುಹೋಗಿರುತ್ತದೆ, ತುಂಬಾ ಕೆಲಸ ಮಾಡಿದೆ ಅನಿಸುತ್ತದೆ. ಆದರೆ ಉಳಿದ 29,920 ಜನ ಎಲ್ಲಿ?

ಮೊದಲ ತಿಂಗಳು ಹೊಸದೇನೂ ಶುರುಮಾಡಬೇಡಿ. ಮಧ್ಯಾಹ್ನದ ಮೇಲೆ ಎಲ್ಲ ಸಬ್‌ಸೆಂಟರ್ ಸುತ್ತಿ. ಆಶಾ ಕಾರ್ಯಕರ್ತೆಯರ ಜೊತೆ ಅವರ ಬೀದಿಯಲ್ಲೇ ನಡೆಯಿರಿ. ಲಸಿಕೆಯ ಡ್ಯೂ ಲಿಸ್ಟ್, ಅಂದರೆ ಲಸಿಕೆ ಬಾಕಿ ಇರುವವರ ಪಟ್ಟಿ ಕೇಳಿ, ಅದರಲ್ಲಿ ಮೂರು ತಿಂಗಳಿಂದ ಮತ್ತೆ ಮತ್ತೆ ಬರುತ್ತಿರುವ ಹೆಸರುಗಳಿಗೆ ಗುರುತು ಹಾಕಿ. ಇಟ್ಟಿಗೆ ಗೂಡು, ಕಾಫಿ ತೋಟದ ಲೈನ್ ಮನೆ, ಕಬ್ಬು ಕಡಿಯಲು ಬಂದವರ ಗುಡಿಸಲು ಯಾವ ಆಶಾ ಪಾಲಿಗೆ ಬರುತ್ತವೆ ಅಂತ ಕೇಳಿ. ಎಷ್ಟೋ ಸಲ ಯಾರ ಪಾಲಿಗೂ ಬಂದಿರುವುದಿಲ್ಲ. ನಿಮ್ಮ ಮೊದಲ ಕೆಲಸ ಅಲ್ಲೇ ಇದೆ.

ಇಲ್ಲಿ ಒಂದು ಕಥೆ ಹೇಳಬೇಕು. ನಾನು ಸೇರಿದ ಪಿಎಚ್‌ಸಿಯಲ್ಲಿ ಲಸಿಕೆ ಇಡುವ ಐಎಲ್‌ಆರ್ ಪೆಟ್ಟಿಗೆ ಮೇಲೆ ತಾಪಮಾನದ ಚಾರ್ಟ್ ಅಂಟಿಸಿದ್ದರು. ಐಎಲ್‌ಆರ್ ಒಳಗೆ 2ರಿಂದ 8 ಡಿಗ್ರಿ ಇರಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ರಜೆಯ ದಿನವೂ ನೋಡಿ ಬರೆಯಬೇಕು. ಚಾರ್ಟ್ ತುಂಬಾ ಚಂದ ಇತ್ತು. ಎಲ್ಲ ದಿನವೂ 4, ಎಲ್ಲ ಒಂದೇ ನೀಲಿ ಪೆನ್ನಿನಲ್ಲಿ. ಮಳೆಗೆ ಮರ ಬಿದ್ದು ಎರಡು ದಿನ ಕರೆಂಟ್ ಹೋಗಿತ್ತಲ್ಲ, ಆ ದಿನಗಳಲ್ಲೂ 4. ಅವತ್ತು ತಾರೀಖು 26. ಚಾರ್ಟಿನಲ್ಲಿ 27 ಮತ್ತು 28ರ ಲೆಕ್ಕವೂ ಬರೆದಾಗಿತ್ತು!

ನಾನು ಕೂಗಾಡಿದೆ. ಏನೂ ಆಗಲಿಲ್ಲ. ಮುಂದಿನ ತಿಂಗಳು 4ರ ಬದಲು 5, 4, 6 ಅಂತ ಕಲಸಿ ಬರೆದಿದ್ದರು ಅಷ್ಟೇ. ಆಮೇಲೆ ಒಂದು ಸಂಜೆ ಆ ಸಿಸ್ಟರ್ ಜೊತೆ ಕೂತು ಟೀ ಕುಡಿಯುತ್ತಾ ಕೇಳಿದೆ. ಕೋಣೆಯ ಕೀ ಫಾರ್ಮಸಿಸ್ಟ್ ಹತ್ತಿರ ಇರುತ್ತಿತ್ತು, ಭಾನುವಾರ ಅವರು ಊರಲ್ಲಿ ಇರುತ್ತಿರಲಿಲ್ಲ. ಹಿಂದೆ ಒಮ್ಮೆ ನಿಜವಾಗಿ 9 ಅಂತ ಬರೆದಿದ್ದಕ್ಕೆ ನೋಟಿಸ್ ಬಂದಿತ್ತು. ‘ಬರೆದ್ರೆ ಬೈತಾರೆ, ಬರೀದಿದ್ರೂ ಬೈತಾರೆ ಮೇಡಂ, 4 ಬರೆದ್ರೆ ಯಾರೂ ಬೈಯಲ್ಲ’ ಅಂದರು.

ಇನ್ನೊಂದು ಕೀ ಮಾಡಿಸಿದೆವು. ಒಂದು ನಿಯಮ ಮಾಡಿಕೊಂಡೆವು. ಎಷ್ಟೇ ಕೆಟ್ಟ ಸಂಖ್ಯೆ ಬರೆದರೂ ಬೈಗುಳ ಇಲ್ಲ, ನನಗೆ ಫೋನ್ ಮಾಡದಿದ್ದರೆ ಮಾತ್ರ ಬೈಗುಳ. ಎರಡು ತಿಂಗಳ ಮೇಲೆ ಒಂದು ದಿನ ಬೆಳಿಗ್ಗೆ ಆರು ಗಂಟೆಗೆ ಫೋನ್. ‘ಮೇಡಂ, 10 ತೋರಿಸ್ತಿದೆ.’ ನನಗೆ ಅವತ್ತಿನಷ್ಟು ಸಂತೋಷ ಮೆಡಲ್ ಬಂದಿದ್ದರೂ ಆಗುತ್ತಿರಲಿಲ್ಲ. ಮುಚ್ಚಳ ತೆಗೆಯಬೇಡಿ ಅಂದೆ, ಲಸಿಕೆಯನ್ನು ಐಸ್ ಪ್ಯಾಕ್ ಇಟ್ಟ ಕೋಲ್ಡ್ ಬಾಕ್ಸಿಗೆ ಹಾಕಿ ಪಕ್ಕದ ಪಿಎಚ್‌ಸಿಗೆ ಸಾಗಿಸುವ ಏರ್ಪಾಡು ಮಾಡಿದೆ.

ಮುಂದೆ ಜಿಲ್ಲೆಯ ಅಂಕಿಅಂಶ ನಿಮ್ಮ ಟೇಬಲ್ಲಿಗೆ ಬರುತ್ತದೆ. ಎಲ್ಲ ಪಿಎಚ್‌ಸಿಯಿಂದಲೂ 98 ಪರ್ಸೆಂಟ್ ಅಂತ ಬಂದಿದ್ದರೆ ಈ ಚಾರ್ಟ್ ನೆನಪಿಟ್ಟುಕೊಳ್ಳಿ.

ಹಂತ 3: ಒಂದು ವಾಂತಿಭೇದಿ ಪ್ರಕರಣವನ್ನು ತಲೆಯಿಂದ ಬುಡದವರೆಗೆ ನೀವೇ ನಡೆಸಿ

ಎಪಿಡೆಮಿಯಾಲಜಿ, ಅಂದರೆ ರೋಗ ಯಾರಿಗೆ, ಎಲ್ಲಿ, ಯಾಕೆ ಹರಡುತ್ತದೆ ಅನ್ನುವ ಶಾಸ್ತ್ರವನ್ನು ಪುಸ್ತಕದಲ್ಲಿ ಓದುವುದು ಬೇರೆ, ರಾತ್ರಿ ಎಂಟಕ್ಕೆ ಸಬ್‌ಸೆಂಟರಿನ ಆರೋಗ್ಯ ಕಾರ್ಯಕರ್ತೆ (ಎಎನ್‌ಎಂ) ಫೋನ್ ಮಾಡಿ ‘ಸಾರ್, ಒಂದೇ ಕೇರಿಯಲ್ಲಿ ಒಂಬತ್ತು ಜನಕ್ಕೆ ವಾಂತಿಭೇದಿ’ ಅನ್ನುವುದು ಬೇರೆ. ಆಗ ಮಾಡಬೇಕಾದದ್ದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲು ಚಿಕಿತ್ಸೆ. ಓಆರ್‌ಎಸ್, ಐವಿ ಸೆಟ್ಟು, ಮಕ್ಕಳಿಗೆ ಜಿಂಕ್ ತೆಗೆದುಕೊಂಡು ಊರಿಗೇ ಹೋಗಿ. ಶಾಲೆಯಲ್ಲೋ ಸಮುದಾಯ ಭವನದಲ್ಲೋ ಬೆಂಚು ಹಾಕಿ ಕೂರಿ. ಆಂಟಿಬಯೋಟಿಕ್ ಕೊಡುವ ಮೊದಲು ಕೆಲವರ ಮಲದ ಮಾದರಿ ತೆಗೆಯಿರಿ. ಆಮೇಲೆ ತೆಗೆದರೆ ಲ್ಯಾಬಿನಲ್ಲಿ ಏನೂ ಬೆಳೆಯುವುದಿಲ್ಲ. ಅದೇ ರಾತ್ರಿ ತಾಲ್ಲೂಕು ಆರೋಗ್ಯಾಧಿಕಾರಿಗೆ, ರೋಗಗಳ ಮೇಲೆ ಕಣ್ಣಿಡುವ ಜಿಲ್ಲಾ ಸರ್ವೇಕ್ಷಣಾ ಘಟಕಕ್ಕೆ ತಿಳಿಸಿ. ಬೆಳಿಗ್ಗೆ ನೋಡೋಣ ಅಂತ ಬಿಡಬೇಡಿ.

ಎರಡನೆಯದು ಲೈನ್ ಲಿಸ್ಟ್, ಅಂದರೆ ಕಾಯಿಲೆಯಾದವರ ಒಬ್ಬೊಬ್ಬರ ವಿವರದ ಪಟ್ಟಿ. ಯಾರನ್ನು ‘ಕೇಸ್’ ಅಂತ ಲೆಕ್ಕಕ್ಕೆ ಹಿಡಿಯುತ್ತೀರಿ ಅಂತ ಮೊದಲೇ ನಿರ್ಧರಿಸಿ, ಉದಾಹರಣೆಗೆ ಸೋಮವಾರದಿಂದೀಚೆಗೆ ಈ ಊರಿನಲ್ಲಿ ದಿನಕ್ಕೆ ಮೂರು ಸಲ ಅಥವಾ ಅದಕ್ಕಿಂತ ಜಾಸ್ತಿ ಭೇದಿಯಾದವರು. ಹೆಸರು, ವಯಸ್ಸು, ಮನೆ, ಶುರುವಾದ ದಿನ ಮತ್ತು ಹೊತ್ತು, ಕುಡಿದ ನೀರು, ಉಂಡ ಊಟ. ಎರಡು ಹಾಳೆ ಸಾಕು. ಆಶಾ ಜೊತೆ ಮನೆಮನೆಗೂ ಹೋಗಿ. ಕ್ಯಾಂಪಿಗೆ ಬಾರದೆ ಮನೆಯಲ್ಲೇ ಮಲಗಿದವರು ಇರುತ್ತಾರೆ, ಮುಖ್ಯವಾಗಿ ವಯಸ್ಸಾದವರು.

ಮೂರನೆಯದು ಊರಿನ ನಕ್ಷೆ. ಗೂಗಲ್ ಮ್ಯಾಪ್ ಬೇಡ, ಹಾಳೆ ಮೇಲೆ ಗೆರೆ ಎಳೆಯಿರಿ. ಇದಕ್ಕೆ ನಿಮಗೆ ಬೇಕಾದ ಮನುಷ್ಯ ನೀರುಗಂಟಿ. ಯಾವ ಟ್ಯಾಂಕಿನಿಂದ ಯಾವ ಓಣಿಗೆ ನೀರು, ಯಾವ ವಾಲ್ವ್ ಚರಂಡಿ ಒಳಗಿದೆ, ಪೈಪ್ ಎಲ್ಲಿ ಒಡೆದಿತ್ತು, ಎಲ್ಲ ಅವನ ತಲೆಯಲ್ಲಿರುತ್ತದೆ. ತಪ್ಪೆಲ್ಲ ತನ್ನ ತಲೆಗೇ ಕಟ್ಟುತ್ತಾರೆ ಅಂತ ಅವನಿಗೂ ಗೊತ್ತು. ಅದಕ್ಕೇ ಮೊದಲು ಕೈಗೆ ಸಿಗುವುದಿಲ್ಲ. ಪಂಚಾಯಿತಿ ಅಧ್ಯಕ್ಷರು, ಪಿಡಿಓ ಎಲ್ಲ ಸುತ್ತ ನಿಂತಾಗ ಅವನನ್ನು ಪ್ರಶ್ನೆ ಕೇಳಬೇಡಿ. ಅವನ ಜೊತೆ ಒಬ್ಬರೇ ಟ್ಯಾಂಕಿನವರೆಗೆ ನಡೆದು ಹೋಗಿ.

ನಾಲ್ಕನೆಯದು ಲೆಕ್ಕ. ಒಂದು ಉದಾಹರಣೆ ನೋಡಿ. ಮೇಲಿನ ಟ್ಯಾಂಕಿನ ನೀರು ಕುಡಿಯುವವರು 220 ಜನ, ಅದರಲ್ಲಿ 44 ಜನಕ್ಕೆ ಕಾಯಿಲೆ. ಅಂದರೆ 20 ಪರ್ಸೆಂಟ್. ಕೆಳಗಿನ ಟ್ಯಾಂಕಿನವರು 300 ಜನ, ಕಾಯಿಲೆ 6 ಜನಕ್ಕೆ, 2 ಪರ್ಸೆಂಟ್. ಹತ್ತು ಪಟ್ಟು ವ್ಯತ್ಯಾಸ. ಇಲ್ಲಿಗೇ ನಿಲ್ಲಿಸಬೇಡಿ. ಆ 6 ಜನ ಯಾರು? ಹೋಗಿ ಕೇಳಿದರೆ ಅದರಲ್ಲಿ ನಾಲ್ಕು ಜನ ಮೇಲಿನ ಕೇರಿಯ ನಾಮಕರಣದ ಊಟಕ್ಕೆ ಹೋಗಿದ್ದರು ಅಂತ ಗೊತ್ತಾಗಬಹುದು. ಈ ಆರು ಜನರ ಕಥೆ 44 ಜನರ ಕಥೆಗಿಂತ ದೊಡ್ಡ ಸಾಕ್ಷಿ.

ಲ್ಯಾಬ್ ವರದಿ ಬರುವವರೆಗೆ ಕಾಯಬೇಡಿ. ಆ ಟ್ಯಾಂಕಿನ ನೀರು ನಿಲ್ಲಿಸಿ, ಟ್ಯಾಂಕರ್ ತರಿಸಿ, ಪೈಪ್ ರಿಪೇರಿಗೆ ಪಂಚಾಯಿತಿಯನ್ನು ಹಿಡಿಯಿರಿ. ಬ್ಲೀಚಿಂಗ್ ಪೌಡರ್ ಹಾಕಿ ಒಂದು ಗಂಟೆಯ ಮೇಲೆ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯಾ ಅಂತ ನೋಡಿ. ಕಪಾಟಿನಲ್ಲಿ ಎರಡು ವರ್ಷದಿಂದ ಬಾಯಿ ತೆರೆದು ಕೂತ ಬ್ಲೀಚಿಂಗ್ ಚೀಲದಲ್ಲಿ ಕ್ಲೋರಿನ್ ಇರುವುದಿಲ್ಲ, ಬರೀ ಸುಣ್ಣ ಇರುತ್ತದೆ. ಹೊಸ ಕೇಸ್ ನಿಂತ ಮೇಲೂ, ರೋಗ ಹೊರಬೀಳಲು ಬೇಕಾಗುವ ಅವಧಿಯ ಎರಡರಷ್ಟು ದಿನ ಕಣ್ಣಿಟ್ಟಿರಿ. ಆಮೇಲೆ ಎರಡು ಪುಟದ ವರದಿ ಬರೆಯಿರಿ. ಬರೆಯದಿದ್ದರೆ ಮುಂದಿನ ಮಳೆಗಾಲದಲ್ಲಿ ಅದೇ ವಾಲ್ವ್, ಅದೇ ಕಥೆ.

ಹಂತ 4: ಯಾವ ಓದು, ಎಲ್ಲಿ

ಎಂಡಿ ಕಮ್ಯುನಿಟಿ ಮೆಡಿಸಿನ್ ಮೂರು ವರ್ಷ. ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಇದು ಬೇಕೇ ಬೇಕು. ಸರ್ಕಾರಿ ಸೇವೆಯಲ್ಲಿದ್ದರೆ ಸೇವಾನಿರತ ಕೋಟಾದ ನಿಯಮ ಆ ವರ್ಷ ಹೇಗಿದೆ ನೋಡಿ.

ಎಂಪಿಎಚ್, ಅಂದರೆ ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್, ಎರಡು ವರ್ಷದ್ದು. ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರದಲ್ಲಿ 1997ರಿಂದ ಇದೆ. ಕೋಲ್ಕತ್ತಾದಲ್ಲಿ 1932ರಷ್ಟು ಹಳೆಯ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಎಂಪಿಎಚ್ ಇದೆ. ನನ್ನ ಓಟು ಮಾತ್ರ ಕ್ಲಾಸಿಗಿಂತ ಫೀಲ್ಡು ಜಾಸ್ತಿ ಇರುವ ಕೋರ್ಸಿಗೆ. ಚೆನ್ನೈನ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆ 2001ರಿಂದ ಫೀಲ್ಡ್ ಎಪಿಡೆಮಿಯಾಲಜಿ ಕಲಿಸುತ್ತಿದೆ. ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದ ಎಪಿಡೆಮಿಕ್ ಇಂಟೆಲಿಜೆನ್ಸ್ ಸರ್ವಿಸ್ 2012ರಲ್ಲಿ ಶುರುವಾಯಿತು. ಅದೂ ಎರಡು ವರ್ಷ, ರೋಗ ಹರಡಿದ ಕಡೆಗೆ ಗಂಟುಮೂಟೆ ಕಟ್ಟಿಕೊಂಡು ಹೊರಡುವ ತರಬೇತಿ.

ಪಿಎಚ್‌ಸಿಗೆ ಮೊದಲೇ ಎಂಪಿಎಚ್ ಮಾಡಬೇಡಿ. ಪ್ರಶ್ನೆಯೇ ಇಲ್ಲದೆ ಉತ್ತರ ಕಲಿತ ಹಾಗಾಗುತ್ತದೆ.

ಹಂತ 5: ತಾಲ್ಲೂಕು, ಜಿಲ್ಲೆ ಮತ್ತು ಬೇರೆ ದಾರಿಗಳು

ನಮ್ಮ ಇಲಾಖೆಯಲ್ಲಿ ಪಿಎಚ್‌ಸಿಯ ವೈದ್ಯಾಧಿಕಾರಿಯಿಂದ ತಾಲ್ಲೂಕು ಆರೋಗ್ಯಾಧಿಕಾರಿ, ಅಲ್ಲಿಂದ ಜಿಲ್ಲೆಯಲ್ಲಿ ಟಿಬಿ, ಕುಷ್ಠರೋಗ, ತಾಯಿ ಮತ್ತು ಮಕ್ಕಳ ಆರೋಗ್ಯ, ಸರ್ವೇಕ್ಷಣೆ ಹೀಗೆ ಒಂದೊಂದು ಕಾರ್ಯಕ್ರಮದ ಅಧಿಕಾರಿ, ಆಮೇಲೆ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಓ), ಆಮೇಲೆ ಬೆಂಗಳೂರಿನ ಆರೋಗ್ಯ ಸೌಧ. ಮೇಲೆ ಹೋದಂತೆ ಸ್ಟೆತಸ್ಕೋಪ್ ಬ್ಯಾಗಿನ ತಳ ಸೇರುತ್ತದೆ. ಸರ್ಕಾರಿ ಕಾರ್ಯಕ್ರಮಗಳ ಪ್ರಗತಿ ನೋಡುವ ಕೆಡಿಪಿ ಸಭೆ, ಆಡಿಟ್, ಟೆಂಡರು, ಕೋರ್ಟು ಇದೇ ದಿನಚರಿ. ಫೈಲು ಬರೆಯುವುದನ್ನು ಗುಮಾಸ್ತರಿಗೆ ಬಿಡದೆ ನೀವೇ ಕಲಿಯಿರಿ. ಬಜೆಟ್ಟಿನ ಯಾವ ಹೆಡ್ಡಿನಲ್ಲಿ ದುಡ್ಡಿದೆ ಅಂತ ಗೊತ್ತಿಲ್ಲದ ಡಾಕ್ಟರಿಗೆ ‘ಅನುದಾನ ಇಲ್ಲ ಸಾರ್’ ಅನ್ನುವುದು ತುಂಬಾ ಸುಲಭ.

ಕೆಡಿಪಿ ಸಭೆಗೆ ಹೋಗುವಾಗ ಹತ್ತು ಪುಟದ ಅಂಕಿಅಂಶ ಒಯ್ಯಬೇಡಿ. ಒಂದು ಬೇಡಿಕೆ, ಒಂದು ಊರಿನ ಹೆಸರು, ಒಂದು ಮೊತ್ತ. ಶಾಸಕರಿಗೆ ಊರಿನ ಹೆಸರು ಹೇಳಿದರೆ ತಲೆ ಎತ್ತುತ್ತಾರೆ. ನೀರು, ಚರಂಡಿ, ಶಾಲೆ, ಅಂಗನವಾಡಿ ಯಾವುದೂ ನಮ್ಮ ಇಲಾಖೆಯದ್ದಲ್ಲ, ಕಾಯಿಲೆ ಹುಟ್ಟುವುದು ಮಾತ್ರ ಅಲ್ಲೇ. ಅದಕ್ಕೇ ಬೇರೆ ಇಲಾಖೆಯವರ ಜೊತೆ ಜಗಳ ಇಲ್ಲದಿದ್ದಾಗಲೇ ಕಾಫಿ ಕುಡಿದಿರಬೇಕು.

ಸರ್ಕಾರದ ಹೊರಗೂ ದಾರಿ ಇದೆ. 1997ರಲ್ಲಿ ಶುರುವಾದ ಪೋಲಿಯೋ ಸರ್ವೇಕ್ಷಣಾ ಯೋಜನೆಯಲ್ಲಿ ಸರ್ವೇಕ್ಷಣಾ ವೈದ್ಯರಾಗಿ ದುಡಿದ ಎಷ್ಟೋ ಎಂಬಿಬಿಎಸ್ ಡಾಕ್ಟರುಗಳು ಜೀಪಿನಲ್ಲೇ ಎಪಿಡೆಮಿಯಾಲಜಿ ಕಲಿತರು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಭಾರತ ಸೇರಿರುವ ಆಗ್ನೇಯ ಏಷ್ಯಾ ವಲಯಕ್ಕೆ ಪೋಲಿಯೋ ಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿದ್ದರ ಹಿಂದೆ ಅವರಿದ್ದಾರೆ. ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಕೆಲಸ ಶುರುಮಾಡಿದರು. ಅವರ ಕರುಣಾ ಟ್ರಸ್ಟ್ ಯಳಂದೂರಿನಲ್ಲಿ ಕುಷ್ಠರೋಗದ ಕೆಲಸದಿಂದ ಆರಂಭಿಸಿ 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪಿಎಚ್‌ಸಿಯನ್ನು ನಡೆಸಲು ವಹಿಸಿಕೊಂಡಿತು. ಮುಂದೆ ರಾಜ್ಯದ ಆರೋಗ್ಯ ಕಾರ್ಯಪಡೆಯ ಅಧ್ಯಕ್ಷರಾಗಿದ್ದವರೂ ಅವರೇ. ಬೆಟ್ಟದ ಮೇಲೆ ಕಲಿತದ್ದು ವಿಧಾನಸೌಧದವರೆಗೆ ಹೋಗಬಹುದು ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಹಂತ 6: ಕೆಟ್ಟ ಸುದ್ದಿ ಬರುವ ದಾರಿ ತೆರೆದಿಡಿ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಸುತ್ತಲಿನ ಜನಕ್ಕೆ ಜ್ವರ. ಹಾಗೆ ಗೊತ್ತಾದದ್ದೇ ಮಂಗನ ಕಾಯಿಲೆ. ಉಣುಗಿನಿಂದ ಹರಡುವ ವೈರಸ್. ಇವತ್ತಿಗೂ ಮಲೆನಾಡಿನ ಡಾಕ್ಟರಿಗೆ ಮೊದಲ ಎಚ್ಚರಿಕೆ ಕೊಡುವುದು ಲ್ಯಾಬಲ್ಲ, ತರಗೆಲೆ ತರಲು ಹೋದ ಹೆಂಗಸು, ದನ ಕಾಯುವವನು, ಫಾರೆಸ್ಟ್ ಗಾರ್ಡ್. ಸತ್ತ ಮಂಗ ಕಂಡರೆ ಯಾರಿಗೆ ಹೇಳಬೇಕು ಅಂತ ಅವರಿಗೆ ಗೊತ್ತಿರಬೇಕು. ಹೇಳಿದ್ದಕ್ಕೆ ಅವರನ್ನು ನಾಲ್ಕು ಆಫೀಸು ಅಲೆಸಬಾರದು. 2019ರ ಹೊತ್ತಿಗೆ ಸಾಗರ ತಾಲ್ಲೂಕಿನ ಅರಲಗೋಡು ಸುತ್ತಮುತ್ತ ಈ ಕಾಯಿಲೆ ಎಷ್ಟು ಜನರ ಪ್ರಾಣ ಹಿಂಡಿತು ಅಂತ ಆ ಕಡೆಯವರಿಗೆ ಗೊತ್ತು.

ಸಂಖ್ಯೆ ಜಾಸ್ತಿಯಾದಾಗ ಮೇಲಿನಿಂದ ಫೋನ್ ಬರುತ್ತದೆ. ‘ಇಷ್ಟೊಂದು ಯಾಕೆ ತೋರಿಸಿದ್ದೀರಿ?’ ಜೋರಾಗಿ ವಾದ ಮಾಡಬೇಡಿ. ಲೈನ್ ಲಿಸ್ಟ್ ಕಳಿಸಿ. ‘ಇದರಲ್ಲಿ ಯಾರನ್ನು ತೆಗೆಯಲಿ ಸಾರ್?’ ಅಂತ ಕೇಳಿ. ಹೆಸರು, ವಯಸ್ಸು ಇರುವ ಪಟ್ಟಿಯಿಂದ ಒಬ್ಬರನ್ನು ಹೊಡೆದು ಹಾಕಿ ಅನ್ನುವ ಧೈರ್ಯ ಯಾರಿಗೂ ಅಷ್ಟು ಸುಲಭಕ್ಕೆ ಬರುವುದಿಲ್ಲ. ಪತ್ರಕರ್ತರಿಗೆ ದಿನಾ ಒಂದೇ ಹೊತ್ತಿಗೆ, ಗೊತ್ತಿರುವಷ್ಟನ್ನು ಹೇಳಿ. ಅವರು ನಿಮ್ಮಿಂದ ಕೇಳದಿದ್ದರೆ ಟೀ ಅಂಗಡಿಯಿಂದ ಕೇಳುತ್ತಾರೆ.

ದುಡ್ಡು, ಮನೆ, ವರ್ಗಾವಣೆ

ಜೊತೆಯಲ್ಲಿ ಓದಿದ ರೇಡಿಯಾಲಜಿಸ್ಟ್ ಹತ್ತಿರ ಕಾರಿನ ವಿಷಯ ಮಾತಾಡಬೇಡಿ, ಅಷ್ಟೇ. ಸಂಬಳ ಸಾಕಾಗುತ್ತದೆ. ಕಷ್ಟ ಇರುವುದು ವರ್ಗಾವಣೆಯಲ್ಲಿ, ಮಕ್ಕಳ ಸ್ಕೂಲಿನಲ್ಲಿ, ಹಬ್ಬದ ದಿನ ಬರುವ ಫೋನಿನಲ್ಲಿ. ಮದುವೆಗೆ ಮೊದಲೇ ಇದನ್ನೆಲ್ಲ ಬಾಯಿಬಿಟ್ಟು ಹೇಳಿಬಿಡಿ.

ವರ್ಗಾವಣೆ ಆದೇಶ ಬಂದ ದಿನ ಚಾರ್ಜ್ ಲಿಸ್ಟ್ ಜೊತೆ ಒಂದು ನೂರು ಪುಟದ ನೋಟ್‌ಬುಕ್ ಬಿಟ್ಟು ಬನ್ನಿ. ಯಾವ ಊರಿನ ವಾಲ್ವ್ ಚರಂಡಿಯಲ್ಲಿದೆ, ಯಾವ ಮನೆಯವರು ಲಸಿಕೆಗೆ ಒಪ್ಪುವುದಿಲ್ಲ, ಯಾರ ಮಾತಿಗೆ ಒಪ್ಪುತ್ತಾರೆ, ಯಾವ ಆಶಾಗೆ ಗೌರವಧನ ಬಾಕಿ ಇದೆ, ಎಲ್ಲ ಬರೆದಿಡಿ. ನನಗೆ ಹೀಗೆ ಒಂದೇ ಒಂದು ಸಲ ಸಿಕ್ಕಿತ್ತು. ಹಿಂದಿನ ಡಾಕ್ಟರ್ ಮೊದಲ ಪುಟದಲ್ಲಿ ಬರೆದಿದ್ದರು: ‘ಮೂರನೇ ಸಬ್‌ಸೆಂಟರಿನ ಕೀ ಎದುರು ಅಂಗಡಿ ಅಜ್ಜಿ ಹತ್ತಿರ ಇರುತ್ತದೆ. ಅಜ್ಜಿಗೆ ಶುಗರ್ ಇದೆ, ಆಸ್ಪತ್ರೆಗೆ ಬರುವುದಿಲ್ಲ. ಕೀ ತರಲು ಹೋದಾಗ ನೋಡಿಕೊಂಡು ಬನ್ನಿ.’